ಲೊಕೇಶನ್ ಕಾಕಾ

ಲೊಕೇಶನ್ ಕಾಕಾ ಬಸವಕಲ್ಯಾಣ, ಹುಮನಾಬಾದ್ ಕಡೆಯ ಊರುಗಳಲ್ಲಿ ಕಟ್ಟೆಗೊಬ್ಬರಂತೆ ಸಿಗುವ ಜಾತಿ. ವಯಸ್ಸು ಐವತ್ತರ ಆಚೆ, ಎದೆಯ ಕಿಸೆಯಲ್ಲಿ ಫೋನು, ಫೋನಿನ ಕವರಿನೊಳಗೆ ಮಡಿಚಿಟ್ಟ ಪಹಣಿ. ದಾರಿ ಕೇಳಿದವರಿಗೆ ಕೈ ಎತ್ತಿ ತೋರಿಸುವ ಹಳೆಯ ಪದ್ಧತಿಯನ್ನು ಇವರು ಕೈಬಿಟ್ಟು ವರ್ಷಗಳಾದವು. 'ನಂಬರ್ ಹೇಳ್ರಿ, ಲೊಕೇಶನ್ ಬಿಡ್ತೀನಿ' ಎನ್ನುತ್ತಾರೆ. ಕೇಳಿದ ಮನೆ ಎದುರಿಗೇ ಇದ್ದರೂ ಈ ನಿಯಮಕ್ಕೆ ವಿನಾಯಿತಿ ಇಲ್ಲ. ಬಸವಕಲ್ಯಾಣದ ಕಡೆಯ ನಾರಾಯಣಪುರದಲ್ಲಿ ಈ ಜಾತಿ ಹೆಚ್ಚಾಗಿ ಕಾಣುವುದು ಚಾಲುಕ್ಯರ ಕಾಲದ ಶಿವಾಲಯದ ಸುತ್ತ. ಅದಕ್ಕೆ ಭಕ್ತಿಯೊಂದೇ ಕಾರಣವೆನ್ನಲಾಗದು. ಬಯಲು ಜಾಗದಲ್ಲಿ ಉಪಗ್ರಹ ಬೇಗ ಸಿಗುತ್ತವೆ, ಕಲ್ಲಿನ ಚಾವಣಿಯ ಕೆಳಗೆ ಸಿಗುವುದಿಲ್ಲ. ಆದ್ದರಿಂದ ಲಿಂಗಕ್ಕೆ ನಮಸ್ಕಾರವೂ ಹೊರಗಿನಿಂದಲೇ.

ಯಂತ್ರದ ವಿವರ ಕಾಕಾರಿಗೆ ಬಾಯಿಪಾಠ. ಆಶ್ಚರ್ಯವೆಂದರೆ ಅದು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ದಿನಕ್ಕೆ ಎರಡು ಸಲ ಭೂಮಿಯನ್ನು ಸುತ್ತುತ್ತವೆ. ಫೋನು ಅವುಗಳಿಗೆ ಏನನ್ನೂ ಕಳಿಸುವುದಿಲ್ಲ. ಅವು ಸಾರುವ ಸಮಯವನ್ನು ಹಿಡಿದು, ಸಂಕೇತ ಕೆಳಗೆ ಬರಲು ತೆಗೆದುಕೊಂಡ ಹೊತ್ತಿನಿಂದ ದೂರದ ಲೆಕ್ಕ ಹಾಕುತ್ತದೆ, ಅಷ್ಟೆ. ಜಾಗ ಗುರುತಿಸಲು ಮೂರು ಉಪಗ್ರಹ, ಫೋನಿನ ಅಗ್ಗದ ಗಡಿಯಾರವನ್ನು ತಿದ್ದಲು ನಾಲ್ಕನೆಯದು. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೆ ದೂರದ ಲೆಕ್ಕ 300 ಮೀಟರ್ ಜಾರುತ್ತದೆ. ಇದನ್ನೆಲ್ಲ ಬಿಡಿಸಿ ಹೇಳುವ ಕಾಕಾ ಹತ್ತು ಗಂಟೆಯ ಅಕ್ಷತೆಗೆ ಹನ್ನೆರಡಕ್ಕೆ ಹೋಗುವವರು. ಭಾರತದ್ದೇ ಆದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು, ಅವುಗಳ ಮುಖ್ಯ ನಿಯಂತ್ರಣ ಕೇಂದ್ರ ಹಾಸನದಲ್ಲಿದೆ ಎಂಬುದು ಇವರಿಗೆ ಹೆಮ್ಮೆಯ ವಿಷಯ. 'ಬೀದರ್ ಎಲ್ಲಿ ಅದಾ ಅಂತ ಆ ಕಡಿಯವ್ರಿಗಿ ಗೊತ್ತಾಗ್ಲಕ ಉಪಗ್ರಹಾನೇ ಬೇಕಾಯ್ತು ನೋಡ್ರಿ' ಎಂದು ಸೇರಿಸುವುದನ್ನು ಮರೆಯುವುದಿಲ್ಲ.

ಈ ಜಾತಿಯ ಹುಟ್ಟು ಎರಡು ಸಾವಿರದ ಇಸವಿಯ ಆಸುಪಾಸಿನದು. ಅಲ್ಲಿಯವರೆಗೆ ಅಮೆರಿಕ ಜನಸಾಮಾನ್ಯರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸಿ ಬಿಡುತ್ತಿತ್ತು. ನೂರು ಮೀಟರ್‌ವರೆಗೆ ತಪ್ಪು ಮಾಮೂಲಿ. 2000ದ ಮೇ ತಿಂಗಳಲ್ಲಿ ಆ ಕಿತಾಪತಿ ನಿಂತಿತು, ಭರವಸೆಗಳ ಮಳೆ ಶುರುವಾಯಿತು. ಹತ್ತಿರದ ಔಷಧಿ ಅಂಗಡಿಯನ್ನು ಮೊಬೈಲೇ ಹೇಳುತ್ತದೆ, ಸೀರೆ ಅಂಗಡಿಯ ಮುಂದೆ ಹಾದರೆ ರಿಯಾಯಿತಿಯ ಸಂದೇಶ ತಾನಾಗಿ ಬರುತ್ತದೆ, ಅಪಘಾತವಾದರೆ ಆಂಬುಲೆನ್ಸಿಗೆ ದಾರಿ ಹೇಳುವ ಗೋಜಿಲ್ಲ ಎಂದರು. ಕಾಕಾರ ಕೈಗೆ ಬಂದದ್ದು ಗುಂಡಿ ಒತ್ತುವ ಫೋನಿನ ಪರದೆಯ ಮೇಲೆ ಮೂಡುವ ಟವರಿನ ಊರಿನ ಹೆಸರು ಮಾತ್ರ. ಅದು ಜಿಪಿಎಸ್ ಅಲ್ಲ, ಟವರ್ ತನ್ನ ಪರಿಚಯ ತಾನೇ ಹೇಳಿಕೊಳ್ಳುವುದು. ಆದರೂ ಕಂಡಕ್ಟರ್ ಕೂಗುವ ಮೊದಲೇ 'ಹುಮನಾಬಾದ್ ಬಂತ್ರಿ' ಎಂದು ಇಡೀ ಬಸ್ಸಿಗೆ ಸಾರಲು ಅಷ್ಟೇ ಸಾಕಿತ್ತು. ಮಹಾರಾಷ್ಟ್ರದ ಗಡಿಗೆ ಅಂಟಿದ ಊರುಗಳಲ್ಲಿ ಇನ್ನೊಂದು ಸೇವೆ ಕೇಳದೆಯೇ ಸಿಗುತ್ತಿತ್ತು. ಸ್ವಂತ ಹೊಲದಲ್ಲಿ ನಿಂತವರ ಫೋನು ಆಚೆಯ ಟವರಿಗೆ ಜಿಗಿದು, ಪರರಾಜ್ಯಕ್ಕೆ ಸ್ವಾಗತ ಕೋರಿ, ರೋಮಿಂಗ್ ದುಡ್ಡು ಕತ್ತರಿಸುತ್ತಿತ್ತು.

ಮುಂದೆ ನಕಾಶೆ ಫೋನಿಗೆ ಬಂದಾಗ ಹೆಸರಿನ ತೊಡಕೂ ಜೊತೆಗೆ ಬಂತು. ಕೃಷ್ಣೆಗೆ ಕಟ್ಟಿದ ಬಸವಸಾಗರ ಅಣೆಕಟ್ಟು ಇರುವುದೂ ನಾರಾಯಣಪುರದಲ್ಲಿ, ಆದರೆ ಅದು ಯಾದಗಿರಿ ಜಿಲ್ಲೆಯದು. ಬೆಂಗಳೂರಿನಲ್ಲೂ ಒಂದು ನಾರಾಯಣಪುರವಿದೆ. ಕಲಬುರಗಿಯಲ್ಲಿ ನಿಂತು ನೋಡಿದರೆ ಕಾಕಾರ ಊರು ಉತ್ತರಕ್ಕೆ, ಅಣೆಕಟ್ಟು ದಕ್ಷಿಣಕ್ಕೆ. ಒಂದು ಕಡೆ ಬಸವಕಲ್ಯಾಣ, ಇನ್ನೊಂದು ಕಡೆ ಬಸವಸಾಗರ, ಎರಡು ಕಡೆಯೂ ಬಸವಣ್ಣನ ಹೆಸರು ಇರುವುದರಿಂದ ದಾರಿ ತಪ್ಪಿದ ಬೀಗರಿಗೆ ನೀರು ಕಾಣುವವರೆಗೂ ಅನುಮಾನ ಬರುವುದಿಲ್ಲ. ಇಲ್ಲಿಯವರ ಮಾತಿನಂತೆ ಬರೀ 'ಕಲ್ಯಾಣ' ಎಂದು ಒತ್ತಿದರೆ ಮುಂಬೈ ಪಕ್ಕದ ರೈಲ್ವೆ ಜಂಕ್ಷನ್ ಎದ್ದು ನಿಲ್ಲುತ್ತದೆ. ಕಾಕಾರ ಪ್ರತಿಷ್ಠೆ ಬೆಳೆದದ್ದೇ ಈ ಗೊಂದಲದಿಂದ. ಮದುವೆಯ ಲಗ್ನಪತ್ರಿಕೆ ಹಂಚುವ ಮೊದಲು ಈಗ ಅವರನ್ನು ಒಮ್ಮೆ ಕೇಳುತ್ತಾರೆ.

2017ರ ಅಕ್ಟೋಬರ್ ಈ ಭಾಗಕ್ಕೆ ಎರಡು ಸಂಗತಿ ತಂದಿತು. ಹುಮನಾಬಾದ್ ಮೇಲೆ ಹಾಯುವ ಬೀದರ್–ಕಲಬುರಗಿ ರೈಲು ಮಾರ್ಗದ ಉದ್ಘಾಟನೆಯಾಯಿತು, ಅದೇ ತಿಂಗಳು ವಾಟ್ಸಾಪಿನಲ್ಲಿ ಲೈವ್ ಲೊಕೇಶನ್ ಬಂತು. ಮೊದಲನೆಯದು ಓಡಾಟವನ್ನು ಸುಲಭ ಮಾಡಿತು, ಎರಡನೆಯದು ಸುಳ್ಳನ್ನು ಕಷ್ಟ ಮಾಡಿತು. ಮನೆಯಲ್ಲಿ ಚಪ್ಪಲಿ ಹುಡುಕುತ್ತಲೇ 'ಹುಮನಾಬಾದ್ ದಾಟೀನ್ರಿ, ಐದ್ ಮಿನಿಟ್' ಎನ್ನುವ ತಲೆತಲಾಂತರದ ಸೌಕರ್ಯಕ್ಕೆ ಕುತ್ತು ಬಂತು. ಕಾಕಾ ಎಲ್ಲರ ಲೈವ್ ಕೇಳುತ್ತಾರೆ. ತಮ್ಮದನ್ನು ಯಾರಾದರೂ ಕೇಳಿದರೆ ಆ ಕ್ಷಣಕ್ಕೆ ನೆಟ್ ಇರುವುದಿಲ್ಲ.

ಊರಿಗೆ ಜಿಪಿಎಸ್ ಬಗ್ಗೆ ನಿಜವಾದ ಭಯಭಕ್ತಿ ಹುಟ್ಟಿದ್ದು ಸರ್ಕಾರಿ ಮನೆಗಳಿಂದ. ತಳಪಾಯ, ಗೋಡೆ, ಚಾವಣಿ, ಒಂದೊಂದು ಹಂತಕ್ಕೂ ಜಾಗದ ಗುರುತು ಸಮೇತ ಫೋಟೋ ಆದರೆ ಮಾತ್ರ ಕಂತಿನ ಹಣ. 'ಜಿಪಿಎಸ್ ಆಗ್ಯದ, ಬಿಲ್ ಬಂದಿಲ್ಲ' ಎಂಬುದು ಪಂಚಾಯಿತಿ ಕಟ್ಟೆಯ ನಿತ್ಯದ ಮಾತು. ಬೆಳೆ ಸಮೀಕ್ಷೆಗೂ ಹೊಲದಲ್ಲೇ ನಿಂತು ಫೋಟೋ ತೆಗೆಯಬೇಕು. ಸೀರೆ ಅಂಗಡಿಯ ರಿಯಾಯಿತಿಗಾಗಿ ಕಾದವರಿಗೆ ಲೊಕೇಶನ್ ಸೇವೆ ಸಿಕ್ಕಿದ್ದು ಈ ರೂಪದಲ್ಲಿ. ರಿಯಾಯಿತಿಗಿಂತ ಇದೇ ವಾಸಿ ಎಂದೂ ಹೇಳಬಹುದು.

ಕಾಕಾರ ಪ್ರತಾಪ ಪೂರ್ತಿ ಬಯಲಾಗುವುದು ಮುಂಗಾರಿನ ಮುಂಚೆ, ಹೊಲ ಖಾಲಿ ಇರುವಾಗ. ಕರ್ನಾಟಕದ ಭೂಮಾಪನ ಇಲಾಖೆಯ ದಿಶಾಂಕ್ ಆ್ಯಪ್ ತೆರೆದರೆ ನಿಂತ ನೆಲದ ಸರ್ವೆ ನಂಬರ್ ತೋರುತ್ತದೆ, ನಕಾಶೆಯ ಗೆರೆಗಳ ನಡುವೆ ಚುಕ್ಕೆಯೊಂದು ಓಡಾಡುತ್ತದೆ. ಕಾಕಾ ಫೋನು ಮುಂದೆ ಚಾಚಿ ಬದುವಿನ ಮೇಲೆ ನಡೆಯುತ್ತಾರೆ. ಚುಕ್ಕೆ ಗೆರೆಯ ಈಚೆಗೇ ಉಳಿಯುತ್ತದೆ. ಗೆರೆ ಮುಟ್ಟುವವರೆಗೆ ಪಕ್ಕದ ಹೊಲದೊಳಗೆ ಹೆಜ್ಜೆ ಹಾಕಿ, 'ತಮ್ಮಾ, ನಮ್ದು ಹತ್ತು ಫೂಟ್ ನಿನ್ ಕಡಿ ಬಂದದ ನೋಡು' ಎನ್ನುತ್ತಾರೆ. ಪಕ್ಕದ ಹೊಲದ ತಮ್ಮನೂ ಫೋನು ತೆಗೆಯುತ್ತಾನೆ. ಅವನ ಚುಕ್ಕೆ ಅದೇ ಬದುವಿನ ಮೇಲೆ ನಿಂತು ಉಲ್ಟಾ ಸಾಕ್ಷಿ ಹೇಳುತ್ತದೆ: 'ಇಲ್ರೀ ಕಾಕಾ, ನಮ್ದೇ ನಿಮ್ ಕಡಿ ಬಂದದ.' ಬೇವಿನ ಗಿಡದ ಕೆಳಗೆ ಸರಿದರೆ ಎರಡೂ ಚುಕ್ಕೆ ಮೂರನೆಯವರ ಕಬ್ಬಿನೊಳಗೆ ಹೋಗಿರುತ್ತವೆ, ಜಗಳಕ್ಕೆ ಇನ್ನೊಬ್ಬರು ಸೇರುತ್ತಾರೆ.

ಇಬ್ಬರ ಫೋನೂ ಕೆಟ್ಟಿಲ್ಲ. ಸ್ವಚ್ಛ ಆಕಾಶದ ಕೆಳಗೆ ಸಾಮಾನ್ಯ ಮೊಬೈಲಿನ ನಿಖರತೆ ಸುಮಾರು 5 ಮೀಟರ್, ಎಂದರೆ ಹದಿನಾರು ಫೂಟು. ಗಿಡ, ಗೋಡೆ ಅಡ್ಡ ಬಂದರೆ ತಪ್ಪು ಇನ್ನೂ ಹೆಚ್ಚು. ಒಂದು ಗುಂಟೆಯ ಒಂದು ಬದಿ 33 ಫೂಟು, ಬದುವಿನ ಅಗಲ ಎರಡು ಮೂರು ಫೂಟು. ಗುಂಟೆಯ ಅರ್ಧದಷ್ಟು ಅಲ್ಲಾಡುವ ಚುಕ್ಕೆಯಿಂದ ಬದುವಿನ ನ್ಯಾಯ ತೀರಿಸುವುದು ಆಗದ ಮಾತು. ಸಾಲದ್ದಕ್ಕೆ, ಹಿಂದೆ ಸರಪಳಿ ಎಳೆದು ಬರೆದ ಗ್ರಾಮನಕಾಶೆಯನ್ನು ಉಪಗ್ರಹದ ಚಿತ್ರದ ಮೇಲೆ ಹಾಸಿದಾಗ ಗೆರೆಗಳೂ ಅಷ್ಟಿಷ್ಟು ಸರಿದಿರುತ್ತವೆ. ಸರ್ವೆ ನಂಬರ್ ಯಾವುದೆಂದು ತಿಳಿಯಲು ಆ ಆ್ಯಪ್ ಒಳ್ಳೆಯದು, ಬಾಂದುಕಲ್ಲು ಕೀಳಲು ಅಲ್ಲ.

ಒತ್ತುವರಿಯ ಅನುಮಾನ ಇದ್ದವರಿಗೆ ಹದ್ದುಬಸ್ತಿನ ಅರ್ಜಿ ಇದೆ. ಶುಲ್ಕ ಕಟ್ಟಿದರೆ ಸರ್ವೇಯರ್ ಅಕ್ಕಪಕ್ಕದವರಿಗೆ ನೋಟಿಸು ಕೊಟ್ಟು, ದಾಖಲೆಯ ಪ್ರಕಾರ ಅಳೆದು ಗಡಿ ತೋರಿಸುತ್ತಾರೆ. ಅಳತೆಯ ದಿನ ಮಾತ್ರ ಕಾಕಾರನ್ನು ಹೊಲಕ್ಕೆ ಕರೆಯಬೇಡಿ. ಲೊಕೇಶನ್ ಕೇಳಿದರೂ ಬಿಡಬೇಡಿ.