ಚಾರುಕೇಶಿ ನ್ಯಾಯ ಅಥವಾ ಚರನಾಮ ಮೀಮಾಂಸೆ

ಮಗುವಿಗೆ ಹೆಸರಿಡುವುದಾದರೆ ಕಿವಿಯಲ್ಲಿ ಮೂರು ಸಲ ಹೇಳಿ, ಪಾಯಸ ಉಂಡು ಎದ್ದುಬಿಡಬಹುದು. ಕಂಪ್ಯೂಟರ್ ಪ್ರೋಗ್ರಾಮಿನ ಚರಕ್ಕೆ ಹೆಸರಿಡುವುದು ಅಷ್ಟು ಸಲೀಸಲ್ಲ. ಚರವೆಂದರೇನು? ಬೆಲೆ ಬದಲಾದರೂ ಹೆಸರು ಬದಲಾಗದ್ದು. ಈ ಲಕ್ಷಣ ಈರುಳ್ಳಿಗೂ ಒಪ್ಪುತ್ತದಾದ್ದರಿಂದ ಅತಿವ್ಯಾಪ್ತಿ ದೋಷ ಬಂತಲ್ಲ ಎಂದು ಪೂರ್ವಪಕ್ಷಿಗಳು ಕೇಳುತ್ತಾರೆ. ಈರುಳ್ಳಿಯನ್ನು ಕಂಪ್ಯೂಟರಿಗೆ ಹಾಕುವ ರೂಢಿ ಇಲ್ಲದ್ದರಿಂದ ದೋಷವಿಲ್ಲ ಎಂದು ಸಮಾಧಾನ.

ಈ ಗ್ರಂಥದ ಕ್ಷೇತ್ರ ಕೊಯಮತ್ತೂರು–ತಿರುಪ್ಪೂರು ಸೀಮೆ. ಅಧಿಕಾರಿಗಳು, ಭಾನುವಾರ ಸಂಜೆ ಸಿಂಥಸೈಜರಿಗೆ ಪ್ರೋಗ್ರಾಂ ಬರೆಯುವ ಚಟ ಹತ್ತಿಸಿಕೊಂಡ ನಾವು ಐವರು. ಸಿರುಮುಗೈಯಲ್ಲಿ ರೇಷ್ಮೆ ಸೀರೆ ನೇಯುವ ದೇವಾಂಗರ ಮನೆಯವನು ನಾನು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ತಿರುಪ್ಪೂರಿನ ಬನಿಯನ್ ಕಂಪನಿಯವನೊಬ್ಬ, ಮೋಟಾರ್ ವೈಂಡಿಂಗ್ ಮಾಡುವವನೊಬ್ಬ, ಕಾಲೇಜು ಹುಡುಗನೊಬ್ಬ. ಐದನೆಯವರು ನನ್ನ ಚಿಕ್ಕಪ್ಪ. ಅವರು ಬರುವುದು ಕಾಫಿಗೆ.

ನಾವು ನಂಬಿದ ಭಾಷೆ ಸಿಸೌಂಡ್, 1980ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಬ್ಯಾರಿ ವರ್ಕೋ ಕಟ್ಟಿದ್ದು. ಅದರಲ್ಲಿ ಹೆಸರಿನ ಮೊದಲಕ್ಷರವೇ ಕುಲ ಹೇಳುತ್ತದೆ. ‘ಐ’ಯಿಂದ ಶುರುವಾದ ಚರದ ಬೆಲೆ ಸ್ವರ ಹುಟ್ಟುವಾಗ ಒಮ್ಮೆ ಲೆಕ್ಕವಾಗಿ ಹಾಗೇ ನಿಲ್ಲುತ್ತದೆ. ‘ಎ’ ಚರ ಶಬ್ದದ ಒಂದೊಂದು ಮಾದರಿಗೂ ಬದಲಾಗುತ್ತದೆ, ಸೆಕೆಂಡಿಗೆ 44,100 ಸಲ. ‘ಕೆ’ ನಡುವಿನದು, ಹತ್ತು ಮಾದರಿಗೊಮ್ಮೆ ಎಂದಿಟ್ಟರೆ ಸೆಕೆಂಡಿಗೆ 4,410 ಸಲ. ಬೇರೆಯವರಿಗೆ ಇದು ತಲೆಗೆ ಹತ್ತಲು ವಾರವಾಯಿತು, ಮಗ್ಗದವನಿಗೆ ನಿಮಿಷ ಸಾಕಾಯಿತು. ‘ಐ’ ಎಂದರೆ ಹಾಸು, ಒಮ್ಮೆ ಹೂಡಿದರೆ ಸೀರೆ ಮುಗಿಯುವವರೆಗೂ ಅದೇ. ‘ಎ’ ಎಂದರೆ ಲಾಳಿ ಎಸೆದಾಗಲೆಲ್ಲ ಬೀಳುವ ಹೊಕ್ಕು. ‘ಕೆ’ ಎಂದರೆ ಇಷ್ಟು ಎಳೆಗೊಮ್ಮೆ ಬಣ್ಣದ ಲಾಳಿ ಬದಲಿಸುವುದು.

ಮೊದಲಕ್ಷರದ ಮಾತು ಅಲ್ಲಿಗೆ ಮುಗಿಯಿತು, ಏಕೆಂದರೆ ಅದನ್ನು ಯಂತ್ರವೇ ಗದರಿಸಿ ಒಪ್ಪಿಸುತ್ತದೆ. ಕಲಹವೆಲ್ಲ ಎರಡನೆಯ ಅಕ್ಷರದಿಂದಾಚೆಗೆ. ಬನಿಯನ್ ಕಂಪನಿಯವನು ಸೋಸದ ಹಸಿ ಶಬ್ದಕ್ಕೆ ‘ಎಕೋರಾ’ ಎಂದಿಟ್ಟ. ಬಣ್ಣ ಕಾಣದ ನೂಲಿಗೆ ಕೋರಾ ಎನ್ನುವ ಊರಲ್ಲಿ ಇದಕ್ಕಿಂತ ಒಳ್ಳೆಯ ಹೆಸರು ಸಿಗದು. ಫಿಲ್ಟರಿಂದ ಹೊರಬಂದದ್ದಕ್ಕೆ ‘ಎಸಾಯ’ ಎಂದ, ತಮಿಳಿನಲ್ಲಿ ಸಾಯವೆಂದರೆ ಬಣ್ಣ. ಇದಕ್ಕೆ ಆಕ್ಷೇಪ ಬಂತು: ನೊಯ್ಯಲ್ ನದಿ ಕೆಡಿಸಿದ್ದಕ್ಕೆ ಸಾಯದ ಕಾರ್ಖಾನೆಗಳನ್ನು 2011ರಲ್ಲಿ ಮದ್ರಾಸ್ ಹೈಕೋರ್ಟೇ ಮುಚ್ಚಿಸಿತಲ್ಲ, ನೀನು ಸೋಸಿದ ಶಬ್ದದ ಗಲೀಜು ಎಲ್ಲಿಗೆ ಬಿಡುತ್ತೀಯ? ಅವನು ತೀವ್ರತೆಯ ಅಂಕೆ ಹೆಚ್ಚಿದಷ್ಟೂ ಸದ್ದು ಸಣ್ಣಗಾಗಬೇಕೆಂದೂ ಹಟ ಹಿಡಿದಿದ್ದ. 840 ಗಜದ ಲಡಿ ಒಂದು ಪೌಂಡಿಗೆ ಎಷ್ಟು ತೂಗುತ್ತವೋ ಅದೇ ನೂಲಿನ ನಂಬರು. ಹಾಗಾಗಿ 30ಕ್ಕಿಂತ 40 ಸಣ್ಣ, 60 ಇನ್ನೂ ಸಣ್ಣ. ಹುಟ್ಟಿದಾಗಿನಿಂದ ಹಾಗೆ ಎಣಿಸಿದವನಿಗೆ ಉಳಿದ ಜಗತ್ತೇ ತಲೆಕೆಳಗು.

ಒಂದೇ ವಸ್ತುವಿಗೆ ಎಷ್ಟು ಹೆಸರಿರಬಹುದೆಂದು ನೋಡಬೇಕಾದರೆ ಕೀಬೋರ್ಡಿನ ನಡುವಿನ ಸಿ ಬೆರಳಿಗೆ ಸಿಗುತ್ತದೆ. ಸಿಂಥಸೈಜರುಗಳ ಮಿಡಿ ಭಾಷೆಯಲ್ಲಿ ಅದು 60. ಯಮಾಹಾದವರಿಗೆ ಸಿ3, ಬೇರೆ ಅನೇಕರಿಗೆ ಸಿ4. ಸಿಸೌಂಡಿನ ಒಂದು ಲೆಕ್ಕದಲ್ಲಿ 8.00. ಕೊಯಮತ್ತೂರಿನ ಸಂಗೀತದ ಮೇಷ್ಟ್ರಿಗೆ ‘ಒಂದು ಕಟ್ಟೈ’, ಯಕ್ಷಗಾನದ ಭಾಗವತರಿಗೆ ‘ಬಿಳಿ ಒಂದು’. ಕೇಳಿದರೆ ಎಲ್ಲರೂ ತಮ್ಮದೇ ಸಹಜ ಹೆಸರು ಎನ್ನುತ್ತಾರೆ, ಕೋಪದಿಂದ.

ಇಂಥಲ್ಲಿ ಪೂರ್ವಾಚಾರ್ಯರ ಮೊರೆಹೋಗುವುದೇ ದಾರಿ. ತಂಜಾವೂರಿನ ನಾಯಕರ ಮಂತ್ರಿ ಗೋವಿಂದ ದೀಕ್ಷಿತರ ಮಗ ವೆಂಕಟಮಖಿ 17ನೇ ಶತಮಾನದಲ್ಲಿ ಕರ್ನಾಟಕ ಸಂಗೀತದ 72 ಮೇಳರಾಗಗಳ ಲೆಕ್ಕ ಹಾಕಿಟ್ಟರು. ಹೆಸರು ಹೊಂದಿಸುವ ರಗಳೆ ಮುಂದಿನವರ ಪಾಲಾಯಿತು. ಅವರು ಕಟಪಯಾದಿ ಹಿಡಿದರು: ಅಕ್ಷರಕ್ಕೊಂದು ಅಂಕೆ, ಮೊದಲೆರಡು ಅಕ್ಷರದ ಅಂಕೆಗಳನ್ನು ತಿರುಗಿಸಿದರೆ ಮೇಳದ ನಂಬರು. ಖರಹರಪ್ರಿಯದ ಖ 2, ರ 2, ಮೇಳ 22. ರಸಿಕಪ್ರಿಯದ ರ 2, ಸಿ 7, ಮೇಳ 72. ಕಲ್ಯಾಣಿ ಬಂದಾಗ ಸಿಕ್ಕಿಬಿತ್ತು. ಅದರ ಮೇಳ 65, ಹೆಸರು ಹೇಳುವುದು 11. ಕಲ್ಯಾಣಿಯ ಹೆಸರು ಬದಲಿಸಲು ಯಾರಿಗೆ ಎಂಟೆದೆ? ಮುಂದೆ ‘ಮೇಚ’ ಎಂದು ಚೀಟಿ ಕಟ್ಟಿದರು: ಮೇ 5, ಚ 6. ಶಂಕರಾಭರಣಕ್ಕೆ ‘ಧೀರ’ ಕಟ್ಟಿದರು: ಧೀ 9, ರ 2, ಮೇಳ 29. ಹೆಸರಿಟ್ಟವರಲ್ಲೇ ಇನ್ನೊಂದು ಪಂಗಡ ‘ಮೇಚ’ದ ಬದಲು ‘ಶಾಂತ’ ಕಟ್ಟಿತು. ಅದಕ್ಕೂ 65 ಬರುತ್ತದೆ. ಒಂದನೇ ಮೇಳ ‘ಮೇಚ’ದವರಿಗೆ ಕನಕಾಂಗಿ, ‘ಶಾಂತ’ದವರಿಗೆ ಕನಕಾಂಬರಿ. ಲೆಕ್ಕದಲ್ಲಿ ಜಗಳವಿಲ್ಲ, ಬಾಲದಲ್ಲಿ ಮಾತ್ರ. ಕಛೇರಿಯಲ್ಲಿ ಕೂತವರಂತೂ ಚೀಟಿ ಕಿತ್ತೆಸೆದು ಕಲ್ಯಾಣಿ ಎಂದೇ ಕರೆಯುತ್ತಾರೆ. ಆದ್ದರಿಂದ ನಮ್ಮ ಸಿದ್ಧಾಂತವೂ ಅದೇ: ಯಂತ್ರಕ್ಕೆ ಮುಂದೊಂದು ಚೀಟಿ, ಹಿಂದೆ ಅವರವರ ಮನೆಯ ಹೆಸರು.

ಈ ಸಿದ್ಧಾಂತವನ್ನು ಕಾಲೇಜು ಹುಡುಗ ಪ್ರಯೋಗಕ್ಕಿಟ್ಟ. ತಮಿಳಿನಲ್ಲಿ ರಾಗದ ಹೆಸರು ಟೈಪ್ ಮಾಡಿದರೆ ಪ್ರೋಗ್ರಾಮೇ ಮೇಳ ಹುಡುಕಿ ಆರೋಹಣ ನುಡಿಸಬೇಕು. ಧೀರಶಂಕರಾಭರಣ ಟೈಪ್ ಮಾಡಿದ. ಸ, ರಿ, ಗ, ಮ, ಪ ಎಲ್ಲ ಸರಿ. ಧೈವತಕ್ಕೆ ಬಂದಾಗ ಏನೋ ಮೋಡ ಕವಿದಂತಾಯಿತು, ನಿಷಾದದಲ್ಲಿ ಖಾತ್ರಿಯಾಯಿತು: ಚಾರುಕೇಶಿ! ತಮಿಳು ಲಿಪಿಯಲ್ಲಿ ತ, ಥ, ದ, ಧ ನಾಲ್ಕಕ್ಕೂ ಒಂದೇ ಅಕ್ಷರ. ಪ್ರೋಗ್ರಾಂ ಅದನ್ನು ‘ತ’ ಎಂದು ಓದಿ 6 ಎಣಿಸಿತು, ರ 2, ತಿರುಗಿಸಿದರೆ 26. ಖರಹರಪ್ರಿಯ ಕೇಳಿದರೆ ಕೀರವಾಣಿ ಬಂತು. ತಮಿಳಿನ ಸಂಗೀತ ಪುಸ್ತಕಗಳಲ್ಲಿ ಇದಕ್ಕೆ ಪರಿಹಾರವಿದೆ, ಅಕ್ಷರದ ತಲೆಯ ಮೇಲೆ 2, 3, 4 ಎಂದು ಅಂಕೆ ಹಾಕುತ್ತಾರೆ. ಅಂದರೆ ಹೆಸರಿನಿಂದ ಅಂಕೆ ತಿಳಿಯಲು ಹೆಸರಿನ ಮೇಲೆ ಅಂಕೆ ಬರೆಯಬೇಕು.

ನಾನು ಮೀಸೆ ತಿರುವಿದೆ. ಕನ್ನಡದಲ್ಲಿ ಬರೆಯಿರಯ್ಯಾ, ನಮ್ಮಲ್ಲಿ ಮಹಾಪ್ರಾಣಕ್ಕೆ ಬರವಿಲ್ಲ ಎಂದೆ. ಕನ್ನಡದಲ್ಲಿ ನಟಭೈರವಿ ಟೈಪ್ ಮಾಡಿದೆ. ಪ್ರೋಗ್ರಾಂ ನಾಟಕಪ್ರಿಯ ನುಡಿಸಿತು. ನಟಭೈರವಿಯ ಮೇಳ 20 ಬರಬೇಕಾದರೆ ಅದು ‘ನಠ’ಭೈರವಿ ಆಗಬೇಕು, ಮಹಾಪ್ರಾಣ ಇದ್ದೂ ಬಳಸದ ಜನ ನಾವು. ಮುಖ ಉಳಿಸಿಕೊಳ್ಳಲು ಚಕ್ರವಾಕ ಕೊಟ್ಟೆ. ಒತ್ತಕ್ಷರದಲ್ಲಿ ಕೊನೆಯ ವ್ಯಂಜನವನ್ನೇ ಎಣಿಸಬೇಕೆಂಬುದು ನಿಯಮ. ರತ್ನಾಂಗಿಯಲ್ಲಿ ಹಾಗೇ ‘ನ’ ಎಣಿಸಿ 2 ಬರುತ್ತದೆ. ಆದರೆ ಚಕ್ರವಾಕದ 16 ಬರಬೇಕಾದರೆ ‘ಕ್ರ’ದಲ್ಲಿ ಮೊದಲಿನ ‘ಕ’ ಎಣಿಸಬೇಕು. ಹುಡುಗ ನಿಯಮ ಮೀರದೆ ‘ರ’ ಎಣಿಸಿಬಿಟ್ಟಿದ್ದ. ಚ 6, ರ 2. ಮತ್ತೆ ಚಾರುಕೇಶಿ. ಎಲ್ಲಿಂದ ಹೊರಟರೂ ಅಲ್ಲಿಗೇ ಬಂದು ಬೀಳುವ ಈ ಸ್ಥಿತಿಗೆ ಶಾಸ್ತ್ರದಲ್ಲಿ ಇದುವರೆಗೆ ಹೆಸರಿರಲಿಲ್ಲ. ಚಾರುಕೇಶಿ ನ್ಯಾಯ ಎಂದು ಇಟ್ಟಿದ್ದೇವೆ. ಐವರೂ ಒಪ್ಪಿದ ಹೆಸರು ಇದೊಂದೇ.

ವೈಂಡಿಂಗಿನವನು ರಾಗಕ್ಕೆ ನಂಬರೇ ಸಾಕು, ಹೆಸರು ಯಾಕೆ ಎಂದು ಎದ್ದು ನಿಂತ. ಹುಡುಗ ಮತ್ತೊಮ್ಮೆ ಶಂಕರಾಭರಣ ಹಚ್ಚಿ ತಪ್ಪು ಹುಡುಕುತ್ತಿದ್ದ. ಚಿಕ್ಕಪ್ಪ ಕಾಫಿ ಲೋಟ ಕೆಳಗಿಟ್ಟು ಕಣ್ಣು ಮುಚ್ಚಿದರು.

“ಯಾರಪ್ಪ ಚಾರುಕೇಶಿ ನುಡಿಸ್ತಿರೋದು? ಸೊಗಸಾಗಿದೆ, ನಿಲ್ಲಿಸಬೇಡ.”

ಹುಡುಗ ನನ್ನ ಮುಖ ನೋಡಿದ. ಆಮೇಲೆ ಫೈಲು ತೆರೆದು, ಲೆಕ್ಕವನ್ನು ಮುಟ್ಟದೆ, ಶಂಕರಾಭರಣ ಎಂದಿದ್ದಲ್ಲೆಲ್ಲ ಅಳಿಸಿ ಚಾರುಕೇಶಿ ಎಂದು ಬರೆದ. ಅದರ ಮುಂದೆ ‘ಐ’ ಹಾಕಬೇಕೋ ‘ಕೆ’ ಹಾಕಬೇಕೋ ಎಂಬುದನ್ನು ಮುಂದಿನ ಭಾನುವಾರಕ್ಕೆ ಇಟ್ಟುಕೊಂಡಿದ್ದೇವೆ.