ಹರಕೆ ಮುಂದೂಡಿಕೆ ಶಾಸ್ತ್ರ: ಗೃಹಸ್ಥರಿಗೊಂದು ಪ್ರವೇಶಿಕೆ

ದೇವರಿಗೆ ಒಪ್ಪಿಕೊಂಡದ್ದನ್ನು ಇಲ್ಲವೆನ್ನದೆ, ಇವತ್ತೇ ಎಂದೂ ಅನ್ನದೆ, ಸಂಸಾರ ಸಾಗಿಸುವ ವಿದ್ಯೆಗೆ ಹರಕೆ ಮುಂದೂಡಿಕೆ ಎಂದು ಹೆಸರು. ಹರಕೆ ಹೊರುವುದು ಕ್ಷಣದ ಕೆಲಸ. ಆಸ್ಪತ್ರೆಯ ಬೆಂಚು, ಫಲಿತಾಂಶದ ಹಿಂದಿನ ರಾತ್ರಿ, ಘಾಟಿಯ ತಿರುವಿನಲ್ಲಿ ಎದುರಾದ ಲಾರಿ, ಇವುಗಳಲ್ಲಿ ಒಂದಿದ್ದರೆ ಸಾಕು. ತೀರಿಸುವುದಕ್ಕಾದರೋ ರಜೆ, ರೈಲಿನ ಟಿಕೆಟ್ಟು, ಮಗಳ ಪರೀಕ್ಷೆ, ಅತ್ತೆಯ ಮಂಡಿನೋವು, ಮನೆ ಸಾಲದ ಕಂತು ಎಲ್ಲವೂ ಒಂದೇ ವಾರದಲ್ಲಿ ಕೂಡಿಬರಬೇಕು. ಹೊತ್ತ ದಿನಕ್ಕೂ ತೀರಿಸಿದ ದಿನಕ್ಕೂ ನಡುವಿನ ಕಾಲವೇ ಈ ಶಾಸ್ತ್ರದ ವಿಷಯ. ಭಕ್ತಿಯನ್ನೂ ಸಂಸಾರವನ್ನೂ ಸರಿದೂಗಿಸಲು ಬೇರೆ ಗ್ರಂಥಗಳು ವೈರಾಗ್ಯ, ನಿಷ್ಕಾಮ ಕರ್ಮ ಮೊದಲಾದ ಕಠಿಣ ಉಪಾಯಗಳನ್ನು ಹೇಳುತ್ತವೆ. ಗೃಹಸ್ಥರು ಆ ಗ್ರಂಥಗಳಿಗೆ ಅರಿಶಿನ ಕುಂಕುಮ ಹಚ್ಚಿ ಕಪಾಟಿನಲ್ಲಿಟ್ಟು, 'ಮುಂದಿನ ವರ್ಷ ಖಂಡಿತ' ಎಂಬ ಮೂರೇ ಪದಗಳಲ್ಲಿ ಕೆಲಸ ಮುಗಿಸಿದ್ದಾರೆ.

ಈ ಶಾಸ್ತ್ರದ ಆದ್ಯ ಪ್ರಮಾಣ ಐತರೇಯ ಬ್ರಾಹ್ಮಣದ ಏಳನೆಯ ಪಂಚಿಕೆ. ಅಲ್ಲಿನ ಹರಿಶ್ಚಂದ್ರನಿಗೆ ನೂರು ಮಂದಿ ಹೆಂಡತಿಯರು, ಒಂದೂ ಗಂಡುಮಗುವಿಲ್ಲ. ನಾರದನ ಸಲಹೆಯಂತೆ ಅವನು ವರುಣನಿಗೆ ಹರಕೆ ಹೊರುತ್ತಾನೆ: ಮಗ ಹುಟ್ಟಿದರೆ ಆ ಮಗನನ್ನೇ ನಿನಗೆ ಬಲಿ ಕೊಡುತ್ತೇನೆ. ರೋಹಿತ ಹುಟ್ಟುತ್ತಾನೆ, ವರುಣ ವಸೂಲಿಗೆ ಬರುತ್ತಾನೆ. ಹತ್ತು ದಿನ ಕಳೆಯದ ಪಶು ಯಜ್ಞಕ್ಕೆ ಯೋಗ್ಯವಲ್ಲ, ಹತ್ತು ದಿನ ಕಳೆಯಲಿ ಎಂದು ರಾಜ. ವರುಣ ಆಗಲಿ ಎನ್ನುತ್ತಾನೆ. ಆಮೇಲೆ ಹಲ್ಲು ಬರಲಿ. ಹಲ್ಲು ಬಂದ ಮೇಲೆ, ಅವು ಬೀಳಲಿ. ಬಿದ್ದ ಮೇಲೆ, ಮತ್ತೆ ಹುಟ್ಟಲಿ. ಹುಟ್ಟಿದ ಮೇಲೆ, ಕ್ಷತ್ರಿಯನ ಮಗನಲ್ಲವೇ, ಕವಚ ತೊಡುವಷ್ಟಾಗಲಿ. ಐದು ವಾಯಿದೆಗಳಿಗೂ ವರುಣ ಒಪ್ಪಿದ್ದಾನೆ. ಸಾಲಗಾರನ ಮನೆಗೆ ಐದು ಸಲ ಬಂದು ಐದು ಸಲವೂ ಸಮಾಧಾನದಿಂದ ಹಿಂತಿರುಗಿದ ದೇವರು ಎಂಬ ಕಾರಣಕ್ಕೆ ಈ ಶಾಸ್ತ್ರದಲ್ಲಿ ಅವನಿಗೆ ಅಗ್ರಪೂಜೆ ಸಲ್ಲಬೇಕು. ಮಳೆ ಬಾರದ ವರ್ಷ ಬಿಟ್ಟರೆ ಅವನನ್ನು ಯಾರೂ ನೆನೆಯದಿರುವುದು ವಿದ್ವಾಂಸರು ಯೋಚಿಸಬೇಕಾದ ಸಂಗತಿ.

ಮುಂದಿನ ಕಥೆ ಅಷ್ಟು ಹಿತವಾಗಿಲ್ಲ. ವಿಷಯ ತಿಳಿದ ರೋಹಿತ ಬಿಲ್ಲು ಹಿಡಿದು ಕಾಡಿಗೆ ಹೋದ. ಹರಿಶ್ಚಂದ್ರನಿಗೆ ಹೊಟ್ಟೆ ಊದಿಕೊಂಡಿತು. ಕೊನೆಗೆ ರೋಹಿತ ಅಜೀಗರ್ತನೆಂಬ ಬಡ ಋಷಿಗೆ ನೂರು ಹಸು ಕೊಟ್ಟು, ಅವನ ನಡುಮಗ ಶುನಃಶೇಪನನ್ನು ತನಗೆ ಬದಲಾಗಿ ತಂದ. ಶುನಃಶೇಪ ದೇವತೆಗಳನ್ನು ಸ್ತುತಿಸಿ ಕಟ್ಟಿನಿಂದ ಬಿಡಿಸಿಕೊಂಡ, ರಾಜನ ಹೊಟ್ಟೆಯೂ ಇಳಿಯಿತು. ಇದರಿಂದ ಎರಡು ಸೂತ್ರಗಳು ಹೊರಡುತ್ತವೆ. ವಾಯಿದೆ ಕೇಳುವಾಗ ಕಾರಣ ತನ್ನದಾಗಿರಬಾರದು, ಮಗುವಿನದಾಗಿರಬೇಕು. ಎರಡನೆಯದು, ಹಲ್ಲಿನ ಕಾರಣಗಳು ಒಂದು ವಯಸ್ಸಿಗೆ ಮುಗಿದುಹೋಗುತ್ತವೆ. ಈ ಕೊರತೆಯನ್ನು ಈಚಿನವರು ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿ ಎಂಬ ಮೂರು ಹೊಸ ಹಲ್ಲುಗಳಿಂದ ತುಂಬಿಕೊಂಡಿದ್ದಾರೆ.

ಕನ್ನಡದ ವಿದ್ಯಾರ್ಥಿಗೆ ಇಲ್ಲೊಂದು ತೊಡಕು. ಅವನು ಬಲ್ಲ ಹರಿಶ್ಚಂದ್ರ ರಾಘವಾಂಕನವನು, ರಾಜ್ಯ ಹೋದರೂ ಹೆಂಡತಿ ಮಗನನ್ನು ಮಾರಬೇಕಾದರೂ ಮಾತಿಗೆ ತಪ್ಪದವನು. ಐದು ಸಲ ವಾಯಿದೆ ಕೇಳಿದವನೂ ಸುಡುಗಾಡು ಕಾದವನೂ ಒಬ್ಬನೇ ಹೇಗೆ? ಪರಂಪರೆ ಇದನ್ನು ವಿರೋಧವೆಂದು ಎಣಿಸಿಲ್ಲ. ಒಬ್ಬನನ್ನು ನಾಟಕದ ರಂಗಕ್ಕೆ ಕಳಿಸಿ, ಇನ್ನೊಬ್ಬನನ್ನು ಮನೆಯಲ್ಲಿ ಉಳಿಸಿಕೊಂಡಿದೆ.

ಎರಡನೆಯ ಪ್ರಮಾಣ ಸತ್ಯನಾರಾಯಣ ವ್ರತಕಥೆ. ಐದು ಅಧ್ಯಾಯಗಳ ಈ ಕಥೆಯ ಮೂರನೆಯ, ನಾಲ್ಕನೆಯ ಅಧ್ಯಾಯಗಳು ಮುಂದೂಡಿಕೆಯ ಪಠ್ಯಪುಸ್ತಕವೇ ಸರಿ. ಸಾಧು ಎಂಬ ವರ್ತಕ ಮಕ್ಕಳಾದರೆ ವ್ರತ ಮಾಡುತ್ತೇನೆಂದ. ಮಗಳು ಕಲಾವತಿ ಹುಟ್ಟಿದಳು. ಹೆಂಡತಿ ಲೀಲಾವತಿ ನೆನಪಿಸಿದಳು. ಹರಕೆ ಹೊರುವುದು ಗಂಡ, ನೆನಪಿಟ್ಟುಕೊಳ್ಳುವುದು ಹೆಂಡತಿ ಎಂಬ ಶ್ರಮವಿಭಜನೆ ಅಂದೇ ಖಾಯಂ ಆಗಿರುವುದನ್ನು ಗಮನಿಸಬೇಕು. ಮದುವೆಯ ಹೊತ್ತಿಗೆ ಮಾಡೋಣವೆಂದ. ಮದುವೆಯೂ ಆಯಿತು, ವರ್ತಕ ಅಳಿಯನೊಂದಿಗೆ ವ್ಯಾಪಾರಕ್ಕೆ ಹೋದ. ಕಳ್ಳರು ಎಸೆದುಹೋದ ಮಾಲು ಪಕ್ಕದಲ್ಲಿ ಸಿಕ್ಕಿ ಇಬ್ಬರೂ ಸೆರೆಮನೆ ಸೇರಿದರು. ಇತ್ತ ಮನೆಯವರು ವ್ರತ ಮಾಡಿದ ಮೇಲೆ ಬಿಡುಗಡೆಯಾಯಿತು. ಅಷ್ಟಾದರೂ ಬುದ್ಧಿ ಬರಲಿಲ್ಲ. ದೋಣಿಯಲ್ಲೇನಿದೆ ಎಂದು ಸನ್ಯಾಸಿಯೊಬ್ಬ ಕೇಳಿದಾಗ ಸೊಪ್ಪು ಸದೆ ಎಂದ, ಸಂಪತ್ತೆಲ್ಲ ಸೊಪ್ಪೇ ಆಯಿತು. ತೆರಿಗೆ ಅಧಿಕಾರಿಗಳ ಮುಂದೆ ಇಂದಿಗೂ ಇದೇ ಉತ್ತರ ಬಳಕೆಯಲ್ಲಿದೆ, ಮಾಲು ಮಾತ್ರ ಸೊಪ್ಪಾಗುವುದಿಲ್ಲ.

ಕಥೆಗಿಂತ ಅದನ್ನು ಕೇಳುವವರ ಸ್ಥಿತಿ ಹೆಚ್ಚು ಅಧ್ಯಯನಯೋಗ್ಯ. ಮುಂದೂಡಿದವನ ಪಾಡನ್ನು ಪುರೋಹಿತರು ಓದುತ್ತಿರುವ ಆ ಪೂಜೆಯೇ ಬಹುಪಾಲು ಮನೆಗಳಲ್ಲಿ ಗೃಹಪ್ರವೇಶದಿಂದ ಬಾಕಿ ಉಳಿದದ್ದಾಗಿರುತ್ತದೆ. ಸಾಧು ಸೆರೆಮನೆಯಲ್ಲಿರುವಾಗ ಯಜಮಾನ ಅಡುಗೆಯವರಿಗೆ ಎಷ್ಟು ಎಲೆಯೆಂದು ಸನ್ನೆಯಲ್ಲಿ ತಿಳಿಸುತ್ತಿರುತ್ತಾನೆ. ಕಲಾವತಿ ಪ್ರಸಾದ ಬಿಟ್ಟು ಗಂಡನನ್ನು ನೋಡಲು ಓಡಿದ್ದರಿಂದ ದೋಣಿ ಮಾಯವಾಯಿತೆಂಬ ಭಾಗ ಬರುವಷ್ಟರಲ್ಲಿ, ಆಫೀಸಿನಿಂದ ನೇರ ಬಂದವರು ಪ್ರಸಾದವನ್ನು ಪೊಟ್ಟಣ ಕಟ್ಟಿಸಿಕೊಂಡು ಚಪ್ಪಲಿ ಹುಡುಕುತ್ತಿರುತ್ತಾರೆ. ಪ್ರಸಾದಕ್ಕೆ ರವೆ, ಸಕ್ಕರೆ, ತುಪ್ಪ, ಹಾಲು, ಬಾಳೆಹಣ್ಣು ತಲಾ ಒಂದೂಕಾಲು ಅಳತೆ. ಸಪಾದವೆಂಬ ಹೆಸರೇ ಆ ಕಾಲಿನಿಂದ ಬಂದದ್ದು. ವ್ರತದಲ್ಲಿ ಎಲ್ಲರ ಪೂರ್ಣ ಗಮನ ಪಡೆದ ಏಕೈಕ ಅಂಗವೂ ಅದೇ.

ಮುಂದೂಡಿಕೆಯ ಮುಖ್ಯ ಉಪಕರಣ ಮುಡುಪು. ಅರಿಶಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿ ದೇವರ ಗೂಡಿನಲ್ಲಿಡುವುದರಿಂದ, ಹರಕೆ ತೀರಿಲ್ಲವಾದರೂ ಮರೆತಿಲ್ಲ ಎಂಬುದಕ್ಕೆ ದಾಖಲೆ ಸಿಗುತ್ತದೆ. ಒಂದು ಗೂಡಿನಲ್ಲಿ ನಾಲ್ಕೈದು ಮುಡುಪುಗಳಿದ್ದರೆ ಯಾವುದು ಯಾವ ದೇವರದ್ದೆಂದು ಹೇಳಬಲ್ಲವರು ಮನೆಯ ಅಜ್ಜಿ ಒಬ್ಬರೇ. ಹೀಗಾಗಿ ಅಜ್ಜಿಯ ಆರೋಗ್ಯಕ್ಕಾಗಿ ಹೊತ್ತ ಹರಕೆಗಳನ್ನು ಭಕ್ತಿಯ ಲೆಕ್ಕಕ್ಕೆ ಹಾಕಬೇಕೋ ಕಡತ ರಕ್ಷಣೆಯ ಲೆಕ್ಕಕ್ಕೋ ಎಂಬ ಪ್ರಶ್ನೆ ಇತ್ಯರ್ಥವಾಗಿಲ್ಲ. ತಡವಾದದ್ದಕ್ಕೆ ತಪ್ಪುಕಾಣಿಕೆ ಎಂಬ ದಂಡವುಂಟು. ದರಪಟ್ಟಿ ಯಾವ ದೇವಸ್ಥಾನದಲ್ಲೂ ಇಲ್ಲದಿರುವುದರಿಂದ ಅಪರಾಧಿಯೇ ಅದನ್ನು ನಿಗದಿ ಮಾಡಿಕೊಳ್ಳುತ್ತಾನೆ. ಇಂಥ ಅನುಕೂಲ ಬೇರಾವ ಇಲಾಖೆಯಲ್ಲೂ ಕಾಣುವುದಿಲ್ಲ.

ಹರಕೆಗಳಲ್ಲಿ ಮುಂದೂಡಿದರೆ ಬೆಳೆಯುವವು, ಕರಗುವವು ಎಂದು ಎರಡು ಬಗೆ. ಬೆಳೆಯುವುದಕ್ಕೆ ಉಡುಪಿ, ಗುರುವಾಯೂರುಗಳಲ್ಲಿ ನಡೆಯುವ ತುಲಾಭಾರ ಉದಾಹರಣೆ. ಮಗುವಿನ ತೂಕದ ಸಕ್ಕರೆ ಎಂದು ತೊಟ್ಟಿಲ ಬಳಿ ಹೊತ್ತ ಹರಕೆಗೆ ಬಡ್ಡಿಯನ್ನು ಪ್ರತಿದಿನ ತಾಯಿಯೇ ತುತ್ತು ತುತ್ತಾಗಿ ಸೇರಿಸುತ್ತಾಳೆ. ಊಟ ಸೇರದ ಮಗುವಿಗಾಗಿ ಹೊತ್ತದ್ದಾದರಂತೂ ದೇವರು ಕೃಪೆ ತೋರಿದಷ್ಟೂ ಬಾಕಿ ಏರುತ್ತದೆ. ಕರಗುವುದಕ್ಕೆ ತಿರುಪತಿಯ ಮುಡಿ. ಇಪ್ಪತ್ತೈದರಲ್ಲಿ ಹೊತ್ತ ಹರಕೆಯನ್ನು ಐವತ್ತರಲ್ಲಿ ತೀರಿಸಲು ಹೋದ ಗಂಡಸಿನ ತಲೆಯ ಮೇಲೆ ಅಸಲೂ ಪೂರ್ತಿ ಉಳಿದಿರುವುದಿಲ್ಲ. ಉರುಳುಸೇವೆ ಎರಡಕ್ಕೂ ಸೇರದು. ಪ್ರಾಕಾರ ಬೆಳೆಯುವುದೂ ಇಲ್ಲ, ಕರಗುವುದೂ ಇಲ್ಲ, ಸೊಂಟ ಮಾತ್ರ ಹೋಗಿರುತ್ತದೆ.

ಮುಂದೂಡಿಕೆ ಭಕ್ತರ ಪಕ್ಷದಿಂದಲೇ ಆಗುತ್ತದೆಂಬುದು ತಪ್ಪು ತಿಳಿವಳಿಕೆ. ದಕ್ಷಿಣ ಕನ್ನಡದ ಕಟೀಲು ದುರ್ಗಾಪರಮೇಶ್ವರಿಗೆ ಯಕ್ಷಗಾನವೇ ಹರಕೆ. ಮೇಳಗಳು ಒಂದಕ್ಕಿಂತ ಹೆಚ್ಚಿದ್ದರೂ ತಿರುಗಾಟ ಪತ್ತನಾಜೆಗೆ ಮುಗಿಯುವುದರಿಂದ ವರ್ಷದ ರಾತ್ರಿಗಳು ಲೆಕ್ಕದವು, ಹರಕೆಯಾಟದ ಸರದಿಯೋ ವರ್ಷಗಟ್ಟಲೆ ಉದ್ದ. ಹೇಳಿಕೊಂಡವರ ಬಳಿ ಹಣವಿದೆ, ಅಂಗಳವಿದೆ, ಊರಿಗೆಲ್ಲ ಊಟ ಹಾಕುವ ಮನಸ್ಸಿದೆ, ದಿನ ಸಿಗುವುದಿಲ್ಲ. ಮಗುವಾಗಲೆಂದು ಹೊತ್ತ ಆಟವನ್ನು ಆ ಮಗು ಶಾಲೆಗೆ ಸೇರಿದ ಮೇಲೆ ಎದುರಿಗೆ ಕೂತು ನೋಡುವುದು ಅಲ್ಲಿ ಸೋಜಿಗವಲ್ಲ. ಭಕ್ತನೇ ಸಿದ್ಧನಾಗಿ ನಿಂತು ವಾಯಿದೆಯನ್ನು ದೇವಿಯ ಕಡೆಯಿಂದ ಪಡೆಯುವ ಈ ವ್ಯವಸ್ಥೆ ವರುಣನಿಗೆ ಆಗಲೇ ತಿಳಿದಿದ್ದರೆ ಐದು ಪ್ರಯಾಣ ಉಳಿಯುತ್ತಿತ್ತು.

ದೇವರೇ ಬಾಕಿದಾರನಾಗಿರುವ ಪ್ರಸಂಗವೂ ಉಂಟು. ಪದ್ಮಾವತಿಯೊಂದಿಗಿನ ಮದುವೆಯ ಖರ್ಚಿಗೆ ತಿರುಮಲೆಯ ಶ್ರೀನಿವಾಸ ಕುಬೇರನಿಂದ ಸಾಲ ಪಡೆದ, ಕಲಿಯುಗ ಮುಗಿಯುವವರೆಗೆ ಅದರ ಬಡ್ಡಿ ಕಟ್ಟುತ್ತಾನೆ ಎಂದು ಪ್ರತೀತಿ. ತೆಲುಗರು ಅವನನ್ನು ವಡ್ಡಿಕಾಸುಲವಾಡು ಎಂದೇ ಕರೆಯುತ್ತಾರೆ. ಪುರಾಣದ ಲೆಕ್ಕದಲ್ಲಿ ಕಲಿಯುಗಕ್ಕೆ 4,32,000 ವರ್ಷ, ಕಳೆದಿರುವುದು ಐದು ಸಾವಿರ ಚಿಲ್ಲರೆ. ಮಗಳ ಮದುವೆಯ ಸಾಲದಲ್ಲಿರುವ ಗೃಹಸ್ಥ ಬೇರೆಲ್ಲ ದೇವರನ್ನು ಬಿಟ್ಟು ಬೆಟ್ಟ ಹತ್ತಿ ಇವನ ಮುಂದೆಯೇ ನಿಲ್ಲುವುದರ ಗುಟ್ಟು ಇದಿರಬಹುದು. ಮದುವೆ ಖರ್ಚಿನ ವಿಷಯ ಅಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟು ದೂರ ಹೋಗಲಾಗದವರು ಶಿರಸಿಯ ಕಡೆ ಮಂಜುಗುಣಿಯಲ್ಲಿ, ಕೋಲಾರದ ಕಡೆ ಮಾಲೂರಿನ ಚಿಕ್ಕ ತಿರುಪತಿಯಲ್ಲಿ ಹರಕೆ ಒಪ್ಪಿಸುವುದುಂಟು. ಇವನ್ನು ಶಾಖೆಗಳೆಂದು ಕರೆಯುವುದು ಶಾಸ್ತ್ರಸಮ್ಮತವಲ್ಲ, ಬಳಕೆಯಲ್ಲಿ ಮಾತ್ರ ಇದೆ.

ಇಷ್ಟು ದೃಢವಾದ ಶಾಸ್ತ್ರವನ್ನು ಬುಡದಿಂದಲೇ ಒಪ್ಪದವರು ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು. ಆಯ್ದಕ್ಕಿ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ಜೀವಿಸುತ್ತಿದ್ದ. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರಲು ಹೇಳಿದಳು. ನಾಳೆಗೆಂದು ಅಕ್ಕಿಯನ್ನೇ ಉಳಿಸದ ಮನೆಯಲ್ಲಿ ಹರಕೆ ಉಳಿಯಲು ಜಾಗವೆಲ್ಲಿ? ಹುಲ್ಲಿನ ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನದು ಇನ್ನೂ ವಿಷಮ ಪ್ರಕರಣ. ಹುಲ್ಲು ಕೊಯ್ಯುವಾಗ ಲಿಂಗ ಕಳಚಿ ಬಿತ್ತು, ಅವನು ಕಾಯಕ ನಿಲ್ಲಿಸಲಿಲ್ಲ, ಲಿಂಗವೇ ಅವನ ಬೆನ್ನು ಹತ್ತಿ ಬಂತೆಂದು ಕಥೆ. ಕೆಲಸದ ನೆಪದಲ್ಲಿ ದೇವರನ್ನು ಕಾಯಿಸಿದವರು ಲೆಕ್ಕವಿಲ್ಲದಷ್ಟು. ಅದಕ್ಕಾಗಿ ದೇವರಿಂದಲೇ ಹಿಂಬಾಲಿಸಿಕೊಂಡವನು ಇವನೊಬ್ಬ, ಏಕೆಂದರೆ ಅವನದು ನೆಪವಾಗಿರಲಿಲ್ಲ. ಈ ಪಂಥದಲ್ಲಿ ಕೆಲಸವೇ ಪೂಜೆಯಾದ್ದರಿಂದ ಪೂಜೆಗೆಂದು ಕೆಲಸಕ್ಕೆ ರಜೆ ಸಿಗುವುದಿಲ್ಲ. ನೌಕರವರ್ಗ ಅದನ್ನು ಜಯಂತಿಗಳಿಗಷ್ಟೇ ಇಟ್ಟುಕೊಂಡಿದೆ, ಜಯಂತಿಗೆ ರಜೆಯುಂಟು.

ಇನ್ನುಳಿದದ್ದು ವಿವಾದಗ್ರಸ್ತ ಪ್ರಕರಣಗಳು. ಒಂದೇ ಕೆಲಸಕ್ಕೆ ಅತ್ತೆ ತಿರುಪತಿಗೂ ಸೊಸೆ ಕುಕ್ಕೆ ಸುಬ್ರಹ್ಮಣ್ಯಕ್ಕೂ ಹೇಳಿಕೊಂಡಿದ್ದು ಕೆಲಸ ಸಿಕ್ಕಿದರೆ ಯಾರಿಗೆ ಸಲ್ಲಬೇಕು? ಇಬ್ಬರಿಗೂ ಸಲ್ಲಬೇಕು, ಯಾರಿಗೆ ಮೊದಲು ಎಂಬುದನ್ನು ಶಾಸ್ತ್ರ ಹೇಳುವುದಿಲ್ಲ, ಅತ್ತೆ ಹೇಳುತ್ತಾರೆ. ಪ್ರಥಮ ದರ್ಜೆಗೆ ಹೊತ್ತು ದ್ವಿತೀಯ ದರ್ಜೆ ಬಂದರೆ ಅರ್ಧ ಸಲ್ಲಿಸಬಹುದೇ ಎಂಬಲ್ಲಿ, ತೆಂಗಿನಕಾಯಿಯ ಹರಕೆಗೆ ಬಹುದು, ಮುಡಿಯ ಹರಕೆಗೆ ಬಾರದು ಎಂಬ ಭೇದ ಸ್ಪಷ್ಟವಾಗಿದೆ.

ಎಲ್ಲಕ್ಕಿಂತ ಜಟಿಲವಾದದ್ದು ಕಾಲು ರೂಪಾಯಿಯ ಪ್ರಕರಣ. ಮುಡುಪಿಗೆ ಐದೂಕಾಲು, ಹನ್ನೊಂದೂಕಾಲು ಎಂದು ಕಟ್ಟುವುದು ಹಳೆಯ ರೂಢಿ. 2011ರ ಜೂನ್ 30ರಿಂದ 25 ಪೈಸೆ ಮತ್ತು ಅದರೊಳಗಿನ ನಾಣ್ಯಗಳಿಗೆ ಚಲಾವಣೆ ತಪ್ಪಿತು. ಅಷ್ಟರೊಳಗೆ ತೀರಿಸಿದ್ದರೆ ಸರಿಯಿತ್ತು. ಹಾಗೆ ತೀರಿಸಿದವರು ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ. ಉಳಿದವರ ಮುಡುಪಿನಲ್ಲಿ ಸರ್ಕಾರ ಒಪ್ಪದ, ದೇವರಿಗೆ ಒಪ್ಪಿಸಲೇಬೇಕಾದ ನಾಲ್ಕಾಣೆ ಕೂತಿದೆ. ಅದನ್ನು ತೆಗೆದರೆ ಹರಕೆ ಕೆಡುತ್ತದೆ, ಹಾಗೇ ಹಾಕಿದರೆ ಕಾಲು ರೂಪಾಯಿ ಬಾಕಿ ನಿಲ್ಲುತ್ತದೆ. ಬಲ್ಲ ಮನೆಗಳಲ್ಲಿ ಗಂಟು ಬಿಚ್ಚಿ, ನಾಲ್ಕಾಣೆಯನ್ನು ಮುಟ್ಟದೆ, ಪಕ್ಕಕ್ಕೊಂದು ಹೊಸ ರೂಪಾಯಿ ಸೇರಿಸಿ, ಬಟ್ಟೆಗೆ ಮತ್ತೆ ಅರಿಶಿನ ಹಚ್ಚಿ ಕಟ್ಟಿ, ಅದೇ ಗೂಡಿನಲ್ಲಿ ವಾಪಸ್ಸು ಇಡುತ್ತಾರೆ. ಹೊರಡುವುದು ಹೇಗೂ ಮಗಳ ಸಿಇಟಿ ಮುಗಿದ ಮೇಲೆ.