ತೊಟ್ಟಿ ಮಾಹಾತ್ಮ್ಯೆ: ಕೋಲರ್ ಗ್ರಾಮದ ಶ್ರಮಜೀವನದ ಕುರಿತೊಂದು ಘನಪ್ರಬಂಧ

ನಾಗರಿಕತೆಗಳೆಲ್ಲ ನದೀತೀರದಲ್ಲಿ ಹುಟ್ಟಿದವೆಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರು ದಯವಿಟ್ಟು ತಿದ್ದಿಕೊಳ್ಳಬೇಕು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಶೆಬಾಯ್ಗನ್ ಪಟ್ಟಣದ ಮಗ್ಗುಲಿಗಿರುವ ಕೋಲರ್ ಗ್ರಾಮದ ಪಕ್ಕದಲ್ಲೇ ನದಿಯಿದೆ. ಆದರೂ ಆ ಊರಿನ ನಾಗರಿಕತೆಯ ಮೂಲ ನದಿಯಲ್ಲ, ಹಂದಿ ಅದ್ದುವ ತೊಟ್ಟಿ.

ಸ್ಥಳಪುರಾಣ ಹೀಗಿದೆ. ಕೊಯ್ದ ಹಂದಿಯ ಕೂದಲು ಬಿಡಿಸಲು ರೈತರು ಅದನ್ನು ಬಿಸಿನೀರಿನ ಕಬ್ಬಿಣದ ತೊಟ್ಟಿಯಲ್ಲಿ ಅದ್ದುತ್ತಿದ್ದರು. ಆಸ್ಟ್ರಿಯಾದಿಂದ ವಲಸೆ ಬಂದ ಜಾನ್ ಮೈಕೆಲ್ ಕೋಲರ್ 1883ರಲ್ಲಿ ಅದಕ್ಕೆ ಎನಾಮಲ್ ಹಾಕಿಸಿ, ನಾಲ್ಕು ಕಾಲು ಹಚ್ಚಿದರೆ ಮನುಷ್ಯರೂ ಮೀಯಬಹುದೆಂದು ಸಾರಿದ. ಮೊದಲ ತೊಟ್ಟಿ ಒಂದು ಹಸು, ಹದಿನಾಲ್ಕು ಕೋಳಿಗಳಿಗೆ ಮಾರಾಟವಾಯಿತೆಂದು ಕೋಲರ್ ಕಂಪನಿಯ ಐತಿಹ್ಯ. 1912ರಲ್ಲಿ ಕಾರ್ಖಾನೆಯ ಸುತ್ತ ಗ್ರಾಮವೂ ಆಯಿತು. ತೊಟ್ಟಿವಂಶದಿಂದ ರಾಜ್ಯಕ್ಕೆ ಇಬ್ಬರು ಗವರ್ನರರೂ ಬಂದರು. ಹಂದಿಗೆ ಈ ಶ್ರೇಯಸ್ಸಿನಲ್ಲಿ ಪಾಲು ಸಿಕ್ಕ ದಾಖಲೆಯಿಲ್ಲ.

ಇನ್ನು ಭೋಜನಪ್ರಕರಣ. ಕಾರ್ಖಾನೆಯ ಎನಾಮಲ್ ವಿಭಾಗದ ಕೆಲಸಗಾರ ಕೆಂಪಗೆ ಕಾದ ತೊಟ್ಟಿಯ ಮೇಲೆ ಗಾಜಿನ ಪುಡಿ ಉದುರಿಸಿ ಮತ್ತೆ ಕುಲುಮೆಗೆ ತಳ್ಳಬೇಕು. 1950ರ ದಶಕದಲ್ಲಿ ಅವನ ಎಂಟು ಗಂಟೆಯ ಪಾಳಿಯಲ್ಲಿ ಊಟಕ್ಕೆಂದು ಪ್ರತ್ಯೇಕ ಬಿಡುವಿರಲಿಲ್ಲ. ತೊಟ್ಟಿ ಬೇಯುವ ಎರಡರಿಂದ ಐದು ನಿಮಿಷಗಳಲ್ಲಿ ಉಣ್ಣಬಹುದಲ್ಲ ಎಂಬುದು ಆಡಳಿತದ ವಾದ. ಇಲ್ಲಿ ಶಾಸ್ತ್ರಾರ್ಥಕ್ಕೆ ವಿಪುಲ ಅವಕಾಶವಿದೆ. ಪೂರ್ವಪಕ್ಷ: ಅಷ್ಟರಲ್ಲಿ ಬ್ರೆಡ್ಡು ಅಗಿಯಬಹುದು, ನುಂಗಲಾಗದು. ಉತ್ತರಪಕ್ಷ: ನುಂಗುವುದನ್ನು ಮುಂದಿನ ತೊಟ್ಟಿಗೆ ಇಟ್ಟುಕೊಳ್ಳತಕ್ಕದ್ದು. ಕೂಲಿ, ಸೇವಾ ಹಿರಿತನ, ಪಿಂಚಣಿಗಳ ಜೊತೆಗೆ ಈ ತುತ್ತಿನ ಪ್ರಶ್ನೆಯೂ ಸೇರಿ 1954ರ ಏಪ್ರಿಲ್‌ನಲ್ಲಿ ಮುಷ್ಕರ ಶುರುವಾಯಿತು. ವ್ಯಾಜ್ಯವೆಲ್ಲ ಬಗೆಹರಿದು ಲೆಕ್ಕ ಚುಕ್ತಾ ಆದದ್ದು 1965ರಲ್ಲಿ. ಊಟಕ್ಕೆ ಅರ್ಧ ಗಂಟೆ ಇಲ್ಲವೆಂದವರ ಬಳಿ ಜಗಳಕ್ಕೆ ಹನ್ನೊಂದು ವರ್ಷವಿತ್ತು. ಗಣಿತಜ್ಞರು ಗಮನಿಸಬೇಕು.

ವಾಸ್ತುವಿಷಯದಲ್ಲಿ ಒಂದೇ ಮಾತು. ಒಂಟಿ ವಲಸೆ ಕಾರ್ಮಿಕರ ವಸತಿಗೆಂದು 1918ರಲ್ಲಿ ಕಟ್ಟಿದ ‘ಅಮೆರಿಕನ್ ಕ್ಲಬ್’ ಈಗ ಐಷಾರಾಮಿ ಹೋಟೆಲು. ಅಲ್ಲಿಯ ಅತಿಥಿ ತೊಟ್ಟಿಯಲ್ಲಿ ಬೆರಳು ಸುಕ್ಕುಗಟ್ಟುವವರೆಗೆ ನೆನೆಯಬಹುದು. ಗಡಿಯಾರ ಹಿಡಿದು ನಿಲ್ಲುವ ಮೇಸ್ತ್ರಿಯಿಲ್ಲ.

ಕೊನೆಗೆ ವ್ರತಾಚರಣೆಗಳು. ಆ ಸೀಮೆಯಲ್ಲಿ ಶುಕ್ರವಾರ ಸಂಜೆ ಕರಿದ ಮೀನು ನೈಮಿತ್ತಿಕವಲ್ಲ, ನಿತ್ಯಕರ್ಮಕ್ಕೆ ಸಮ. ಬೇಸಿಗೆಯಲ್ಲಿ ಕೆಂಡದ ಮೇಲೆ ಬ್ರಾಟ್‌ವರ್ಸ್ಟ್ ಎಂಬ ಹಂದಿಮಾಂಸದ ಸಾಸೇಜ್ ಸುಡುವುದುಂಟು. ಹಂದಿಯ ಋಣ ಹೀಗೆ ಮುಂದುವರಿದಿದೆ. ಆದರೆ ಮಹಾವ್ರತವೆಂದರೆ ನವೆಂಬರಿನ ಜಿಂಕೆ ಬೇಟೆ. ನಮ್ಮ ನವರಾತ್ರಿಯಂತೆ ಅದೂ ಒಂಬತ್ತು ದಿನ. ಕಾರ್ಮಿಕರು ಕಣ್ಣು ಕುಕ್ಕುವ ಕಿತ್ತಳೆ ಬಟ್ಟೆ ತೊಟ್ಟು, ನಸುಕಿಗೇ ಕಾಡು ಹೊಕ್ಕು, ಮರದ ಮೇಲಿನ ಅಟ್ಟಣೆಯಲ್ಲಿ ಮೌನವಾಗಿ ಕೂರುತ್ತಾರೆ. ಉದ್ದೇಶ ಜಿಂಕೆಯೆಂದು ಸಾಮಾನ್ಯರ ನಂಬಿಕೆ. ನಮ್ಮ ಮತ ಬೇರೆ: ಅಲ್ಲಿ ಬುತ್ತಿ ಬಿಚ್ಚಿದವನು ಮಧ್ಯಾಹ್ನವೆಲ್ಲ ಉಂಡರೂ ಕೇಳುವವರಿಲ್ಲ. ಜಿಂಕೆ ಎದುರಿಗೇ ಬಂದು ನಿಂತರೂ ಬಾಯಲ್ಲಿದ್ದುದನ್ನು ನುಂಗಿಯೇ ಬಂದೂಕು ಮುಟ್ಟುತ್ತಾರೆಂದು ನಮ್ಮ ಸಿದ್ಧಾಂತ. ಇದಕ್ಕೆ ಪ್ರಮಾಣ ಬೇಕಾದವರು ತಪ್ಪಿಸಿಕೊಂಡ ಜಿಂಕೆಗಳನ್ನು ವಿಚಾರಿಸಬಹುದು.